ಹಳೇ ಸ್ಪೋರ್ಟ್ಸ್ ಕಾರಿನ ಬಗ್ಗೆಯೂ ಒಂದಿಷ್ಟು ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಅದರಲ್ಲಿ ಬರುವುದೆಲ್ಲ ಹೊಸ ಕಾರು. ಹೊಸ ಬಣ್ಣ, ಹೊಸ ಸನ್‌ರೂಫ್, ಎಕ್ಸ್ ಶೋರೂಂ ಬೆಲೆ. ಓದೋದಕ್ಕೆ ಚೆಂದ. ಆದರೆ ನಾನು ದಾವಣಗೆರೆಯ ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುವವಳು. ನನ್ನ ಮೇಜಿನ ಮುಂದೆ ಬಂದು ಕೂರುವವರು ವಿಚಾರಿಸುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ. ಅದರಲ್ಲೂ ಇತ್ತೀಚೆಗೆ ಒಂದು ಪ್ರಶ್ನೆ ಜಾಸ್ತಿಯಾಗಿದೆ. ಹೊಸದಾಗಿ ಮದುವೆಯಾದ ಹುಡುಗರು, ಸಣ್ಣ ಮಕ್ಕಳಿರುವವರು ಮೊಬೈಲ್ ಮುಂದೆ ಹಿಡಿಯುತ್ತಾರೆ. "ಮೇಡಂ, ಹೊಸ ಸಣ್ಣ ಕಾರಿಗೆ ಏಳೆಂಟು ಲಕ್ಷ ಬೇಕು. ಅದೇ ದುಡ್ಡಿಗೆ ಇದು ಸಿಗ್ತೈತಿ ನೋಡ್ರಿ. ತಗೊಂಡ್ರೆ ಮನೆಮಂದಿಗೆಲ್ಲ ಆಗ್ತೈತೇನ್ರಿ?" ಫೋಟೊದಲ್ಲಿ ಹತ್ತು ಹದಿನೈದು ವರ್ಷದ ಹಿಂದಿನ, ಆಗಿನ ಕಾಲಕ್ಕೆ ದೊಡ್ಡವರ ಮನೆಯ ಮಕ್ಕಳು ಓಡಿಸುತ್ತಿದ್ದ ಒಂದು ವೇಗದ ಕಾರು ಇರುತ್ತದೆ. ಬಣ್ಣ ಪಾಲಿಶ್ ಮಾಡಿ ಫಳಫಳ ಹೊಳೆಯುತ್ತಿರುತ್ತದೆ.

ಬ್ಯಾಂಕಿನವಳಾಗಿ ನಾನು ಕೊಡುವ ಉತ್ತರ ಬೇರೆ. ಇಷ್ಟು ವರ್ಷಕ್ಕಿಂತ ಹಳೆಯ ಗಾಡಿಗೆ ಸಾಲ ಇಲ್ಲ, ಬಡ್ಡಿ ಹೊಸದಕ್ಕಿಂತ ಜಾಸ್ತಿ ಅಂತ ಹೇಳಿ ಕಳಿಸಬಹುದು. ಆದರೆ ಅಂಥದೇ ಒಂದು ಕಾರನ್ನು ಇಟ್ಟುಕೊಂಡು ಸಂಸಾರ ಮಾಡುತ್ತಿರುವವಳಾಗಿ ಹೇಳಬೇಕಾದ್ದು ಬೇರೆಯೇ ಇದೆ. ಅದನ್ನು ಕೌಂಟರಿನಲ್ಲಿ ಹೇಳುತ್ತಾ ಕೂತರೆ ಹಿಂದೆ ನಿಂತವರು ಬೈಯುತ್ತಾರೆ. ಹಾಗಾಗಿ ಈ ಪತ್ರ.

ನಮ್ಮನೆಯಲ್ಲಿರುವುದು 2016ರ ಅಬಾರ್ತ್ ಪುಂಟೊ. ಹೆಸರು ಕೇಳದವರೇ ಜಾಸ್ತಿ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಫಿಯೆಟ್ ಕಂಪನಿ ತನ್ನ ಸಾಧಾರಣ ಪುಂಟೊ ಕಾರಿಗೆ 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಕೂರಿಸಿ, ನೆಲಕ್ಕೆ ಇನ್ನಷ್ಟು ತಗ್ಗಿಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟು 2015ರ ಅಕ್ಟೋಬರಿನಲ್ಲಿ ಬಿಟ್ಟಿತು. ಆಗ ದೆಹಲಿಯ ಎಕ್ಸ್ ಶೋರೂಂ ಬೆಲೆ 9.95 ಲಕ್ಷ. ಶಕ್ತಿ 145 ಬಿಎಚ್‌ಪಿ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 8.8 ಸೆಕೆಂಡ್ ಅಂತ ಕಂಪನಿಯೇ ಹೇಳಿತ್ತು. (ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗಿರುವ ಮಿತಿಯೂ 100. ಅಂದರೆ ಒಂಬತ್ತು ಸೆಕೆಂಡ್ ಆಗುವುದರೊಳಗೆ ಮೋಜು ಮುಗಿಯಿತು!) ತಯಾರಾಗಿದ್ದು ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ. ಐದು ಬಾಗಿಲು, ಐದು ಸೀಟು. ಬಾನೆಟ್ ಮೇಲೆ ಚೇಳಿನ ಗುರುತು.

ಆ ಚೇಳಿನಿಂದಲೇ ಮನೆಯಲ್ಲಿ ಮೊದಲ ಗಲಾಟೆ. ಪೂಜೆ ಮಾಡಲು ಅರಿಶಿನ ಕುಂಕುಮ ಹಿಡಿದು ಬಂದ ಅತ್ತೆ, ಬಾನೆಟ್ ನೋಡಿ ಹಿಂದೆ ಸರಿದರು. "ಇದ್ಯಾಕವ್ವಾ, ಮನೆಗೆ ಚೇಳು ತಂದಿಯಲ್ಲ?" ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ಅನ್ನುವವರು ಹುಟ್ಟಿದ್ದು 1908ರ ನವೆಂಬರ್ 15ಕ್ಕೆ, ಅವರ ಲೆಕ್ಕದಲ್ಲಿ ಅದು ವೃಶ್ಚಿಕ ರಾಶಿ, ಅದಕ್ಕೇ ಈ ಗುರುತು ಅಂತ ಬಿಡಿಸಿ ಹೇಳಿದೆ. ಅತ್ತೆಯದೂ ವೃಶ್ಚಿಕವೇ. ಕುಂಕುಮ ನೇರ ಚೇಳಿನ ಮೇಲೆಯೇ ಬಿತ್ತು.

ನಮ್ಮಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದವರು. ಕಾರಿನ ಹುಚ್ಚು ನನಗೆ ಅಲ್ಲಿಂದ ಬಂದಿದ್ದು. ನಮ್ಮನೆಯವರಿಗೆ ಸ್ಕೂಟರ್ ಇದ್ದರೆ ಸಾಕು. ಬೀದಿಯಲ್ಲಿ ಎಲ್ಲರೂ "ನಿಮ್ಮ ಯಜಮಾನ್ರ ಕಾರು ಭಾಳ ಸೌಂಡ್ ಮಾಡ್ತೈತಿ" ಅನ್ನುತ್ತಾರೆ. ಇರಲಿ ಬಿಡಿ.

ಕೊಳ್ಳಬೇಕು ಅಂತಿರುವವರಿಗೆ ನಾನು ಹೇಳುವುದು ಒಂದೇ ಮಾತು. ಈಗ ಕೊಡುವ ಬೆಲೆಯನ್ನು ನೋಡಿ ಕಾರಿನ ಅಂತಸ್ತು ಅಳೆಯಬೇಡಿ. ಅದು ಹೊಸದಾಗಿದ್ದಾಗ ಎಷ್ಟು ಬೆಲೆಯದಾಗಿತ್ತೋ ಅದರ ಖರ್ಚು ಇವತ್ತಿಗೂ ಆ ಅಂತಸ್ತಿನದೇ. ಇಪ್ಪತ್ತೈದು ಲಕ್ಷದ ಕಾರು ಹದಿನೈದು ವರ್ಷ ಕಳೆದ ಮೇಲೆ ನಾಲ್ಕು ಲಕ್ಷಕ್ಕೆ ಸಿಗಬಹುದು. ಆದರೆ ಅದರ ಹೆಡ್‌ಲೈಟು, ಸಸ್ಪೆನ್ಶನ್, ಗೇರ್‌ಬಾಕ್ಸ್ ಯಾವುದೂ ನಾಲ್ಕು ಲಕ್ಷದ ಕಾರಿನ ರೇಟಿಗೆ ಇಳಿದಿರುವುದಿಲ್ಲ. ಸಾಮಾನು ಸಿಗುವುದು ಕಡಿಮೆಯಾದಂತೆ ರೇಟು ಏರಿರುವುದೇ ಹೆಚ್ಚು. ನಮ್ಮ ಗ್ಯಾರೇಜಿನ ಮೇಸ್ತ್ರಿ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. "ಆನೆ ಅಗ್ಗಕ್ಕೆ ಸಿಗ್ತು ಅಂತ ತಂದ್ರಿ. ಕಬ್ಬು ಕೊಡೋನು ಅಗ್ಗಕ್ಕೆ ಕೊಡ್ತಾನೇನ್ರಿ ಅಕ್ಕಾರೆ?"

ನಮ್ಮ ಕಾರಿನದೇ ಉದಾಹರಣೆ ಕೊಡುತ್ತೇನೆ. ಫಿಯೆಟ್ ಈಗ ನಮ್ಮ ದೇಶದಲ್ಲಿ ಕಾರು ಮಾರುತ್ತಿಲ್ಲ. ಆದರೆ ಕೆಲವು ವರ್ಷ ಫಿಯೆಟ್ ಕಾರುಗಳು ಟಾಟಾ ಶೋರೂಮಿನಲ್ಲೇ ಮಾರಾಟವಾಗುತ್ತಿದ್ದವು. ಹಾಗಾಗಿ ಪುಂಟೊ ಬಿಚ್ಚಿ ಜೋಡಿಸಿ ಗೊತ್ತಿರುವ ಹಳೇ ಮೆಕ್ಯಾನಿಕ್‌ಗಳು ನಮ್ಮೂರಲ್ಲೂ ಇದ್ದಾರೆ. ಬಾಗಿಲು, ಕನ್ನಡಿ, ಕಿಟಕಿ ಮೋಟಾರು ಇಂಥವು ಸಾಧಾರಣ ಪುಂಟೊದವೇ ಆಗುತ್ತವೆ, ಹುಡುಕಿದರೆ ಸಿಗುತ್ತವೆ. ಡೀಸೆಲ್ ಪುಂಟೊ ಆಗಿದ್ದರೆ ಚಿಂತೆಯೇ ಇರಲಿಲ್ಲ. ಅದರ 1.3 ಮಲ್ಟಿಜೆಟ್ ಎಂಜಿನ್ನನ್ನೇ ಮಾರುತಿಯವರು ಸ್ವಿಫ್ಟ್ ಡೀಸೆಲ್‌ಗೂ ಹಾಕಿದ್ದರು, ಆ ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ. ನಮ್ಮದು ಟರ್ಬೊ ಪೆಟ್ರೋಲ್. ಇದರ ಸಾಮಾನಿಗೆ ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ. ಬೆಂಗಳೂರು, ಪುಣೆಗೆ ಫೋನ್ ಮಾಡಬೇಕು, ಮುಂಗಡ ಕಳಿಸಬೇಕು, ಪಾರ್ಸೆಲ್ ಬರುವವರೆಗೆ ಸ್ಕೂಟರಿನಲ್ಲಿ ಓಡಾಡಬೇಕು. ಮನೆಯಲ್ಲಿರುವ ಒಂದೇ ಕಾರು ಇಂಥದ್ದಾದರೆ ಅದು ನಿಂತ ದಿನಕ್ಕೆ ಬೇರೆ ದಾರಿ ಏನು ಅಂತ ಮೊದಲೇ ಯೋಚಿಸಿಟ್ಟಿರಬೇಕು. ನಮಗೆ ಬೀದಿ ತುದಿಯಲ್ಲೇ ಆಟೊ ಸ್ಟ್ಯಾಂಡ್ ಇದೆ. ಹಳ್ಳಿಯಲ್ಲಿ ಮನೆ ಇರುವವರಿಗೆ ನಾನು ಈ ಕಾರು ತಗೊಳ್ಳಿ ಅಂತ ಹೇಳುವುದಿಲ್ಲ.

ಹಾಗಾದರೆ ಎಷ್ಟು ದುಡ್ಡು ಬೇಕು? ನಾನು ಮಾಡಿದ ಲೆಕ್ಕ ಹೀಗಿತ್ತು. ನನ್ನ ಹತ್ತಿರ ಆರು ಲಕ್ಷ ಇತ್ತು. ಕಾರು ನಾಲ್ಕೂವರೆಯೊಳಗೆ ಸಿಕ್ಕರೆ ಮಾತ್ರ, ಇಲ್ಲದಿದ್ದರೆ ಬೇಡ. ಉಳಿದ ಒಂದೂವರೆ ಲಕ್ಷವನ್ನು ಬೇರೆ ಖಾತೆಯಲ್ಲಿಟ್ಟೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ನಾಲ್ಕು ಟೈರು, ಬ್ರೇಕ್, ಬ್ಯಾಟರಿ, ಎಲ್ಲ ದ್ರವ ಬದಲಿ ಮಾಡಿಸುವುದಕ್ಕೆ ಅಂತಲೇ. ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಮಾರುವವರು "ಮೇಡಂ, ಗಾಡಿ ಬರೀ ಮೂವತ್ತು ಸಾವಿರ ಓಡಿರೋದು" ಅನ್ನುತ್ತಾರೆ. ಬೆಲ್ಟು ರಬ್ಬರು. ಓಡದೆ ನಿಂತರೂ ಅದಕ್ಕೆ ವಯಸ್ಸಾಗುತ್ತದೆ. ಹರಿದರೆ ಎಂಜಿನ್ ಒಳಗೇ ಪೆಟ್ಟು, ಆಮೇಲೆ ಒಂದೂವರೆ ಲಕ್ಷ ಯಾವ ಮೂಲೆಗೂ ಸಾಲದು.

ವಿಮೆಯ ವಿಷಯ ನನ್ನ ಕೆಲಸಕ್ಕೆ ಹತ್ತಿರದ್ದು, ಸ್ವಲ್ಪ ಹೇಳಿಬಿಡುತ್ತೇನೆ. ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯ ಪ್ರೀಮಿಯಂ ನಿಗದಿಯಾಗುವುದು ಎಂಜಿನ್ ಸಿಸಿ ಮೇಲೆ. 2022ರಲ್ಲಿ ನಿಗದಿ ಮಾಡಿದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದನ್ನು ದಾಟಿದರೆ 7,897. ತೆರಿಗೆ ಬೇರೆ. ನಮ್ಮದು 1368 ಸಿಸಿ, ಮಧ್ಯದ ಸಾಲಿಗೆ ಬಂತು. ಅದೇ 1.8 ಲೀಟರಿನ ಹಳೇ ಹೋಂಡಾ ಸಿವಿಕ್ ಆಗಿದ್ದರೆ ಎರಡು ಪಟ್ಟಿಗಿಂತ ಜಾಸ್ತಿ. ಇನ್ನು ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ. ಗಾಡಿಗೆ ಐದು ವರ್ಷ ದಾಟಿದ ಮೇಲೆ ಅದರ ಮೌಲ್ಯ ಎಷ್ಟು ಅನ್ನುವುದು ವಿಮಾ ಕಂಪನಿ ಮತ್ತು ನಮ್ಮ ನಡುವಿನ ಮಾತಿನಿಂದ ತೀರ್ಮಾನವಾಗುತ್ತದೆ. ಪ್ರೀಮಿಯಂ ಉಳಿಸುವ ಆಸೆಗೆ ಮೌಲ್ಯ ಕಡಿಮೆ ಬರೆಸಿದರೆ, ದೊಡ್ಡ ಪೆಟ್ಟು ಬಿದ್ದ ದಿನ ಅಷ್ಟೇ ಕೈಗೆ ಬರುತ್ತದೆ. ಸವಕಳಿ ಕಳೆಯದೆ ಪೂರ್ತಿ ಕೊಡುವ ಪಾಲಿಸಿ ಹತ್ತು ವರ್ಷದ ಗಾಡಿಗೆ ಸಿಗುವುದು ಕಷ್ಟ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50ರಷ್ಟು ನಾವೇ ಕೊಡಬೇಕು. ಸ್ಪೋರ್ಟ್ಸ್ ಕಾರಿನ ಮುಂಭಾಗ ಅಂದರೆ ಮುಕ್ಕಾಲು ಪಾಲು ಪ್ಲಾಸ್ಟಿಕ್ಕೇ ಅಲ್ವಾ?

ಸರಕಾರದ ಲೆಕ್ಕವೂ ಕಾರು ಹೊಸದಾಗಿದ್ದಾಗಿನ ಬೆಲೆಯನ್ನೇ ನೋಡುತ್ತದೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದಾಗಿನಿಂದ ಅಲ್ಲಿನ ಒಳ್ಳೊಳ್ಳೆ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರುತ್ತಿವೆ. ಹುಡುಗರು ನನಗೆ ತೋರಿಸುವ ಫೋಟೊಗಳಲ್ಲಿ ಡಿಎಲ್ ನಂಬರಿನವೂ ಇರುತ್ತವೆ. ಅವನ್ನು ಇಲ್ಲಿ ನಮ್ಮ ಹೆಸರಿಗೆ ಮಾಡಿಕೊಳ್ಳಬೇಕಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ತೆರಿಗೆಯನ್ನು ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. ನೀವು ಚೌಕಾಸಿ ಮಾಡಿ ಕೊಟ್ಟ ಬೆಲೆ ಅವರಿಗೆ ಲೆಕ್ಕಕ್ಕಿಲ್ಲ. 15 ವರ್ಷ ತುಂಬಿದ ಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಅದರ ಶುಲ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲಿನಿಂದ 5,000 ಆಯಿತು. ವಿದೇಶದಿಂದ ತರಿಸಿದ ಕಾರಾದರೆ 40,000. ಇಪ್ಪತ್ತು ವರ್ಷ ದಾಟಿದರೆ ಇನ್ನೂ ಜಾಸ್ತಿ.

ಕಾರು ಹುಡುಕಲು ಹೋದಾಗ ಬೆಂಗಳೂರಿನ ಒಂದು ದೊಡ್ಡ ಯಾರ್ಡಿನಲ್ಲಿ ಇದೇ ಬಗೆಯ ಒಂದು ಕಾರು ಇತ್ತು. ಕೆಂಪು ಪಟ್ಟೆಯ ಬಿಳಿ ಬಣ್ಣ. ಮೀಟರಿನಲ್ಲಿ 31 ಸಾವಿರ ಚಿಲ್ಲರೆ ಕಿ.ಮೀ. ನಾನು ಮೊದಲು ಡ್ರೈವರ್ ಬಾಗಿಲು ತೆಗೆದು ಬಗ್ಗಿ ಪೆಡಲ್ ನೋಡಿದೆ. ಕ್ಲಚ್ ಪೆಡಲಿನ ರಬ್ಬರ್ ಒಂದು ಬದಿ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಮೂವತ್ತು ಸಾವಿರಕ್ಕೆ ಅಷ್ಟು ಸವೆಯಲ್ಲ. ಆಮೇಲೆ ಟೈರು. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಇಸವಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದ ಟೈರು. ಆ ಕಾರಿನ ಮುಂದಿನ ಟೈರು 2018ರದು, ಹಿಂದಿನದು 2022ರದು. ಮೂವತ್ತು ಸಾವಿರ ಓಡಿದ ಕಾರಿಗೆ ಎರಡು ಸಲ ಟೈರು ಯಾಕೆ ಬದಲಾಯಿಸಿದಿರಿ ಅಂತ ಕೇಳಿದೆ. ಹುಡುಗ ಪಕ್ಕದಲ್ಲಿದ್ದ ನಮ್ಮನೆಯವರ ಕಡೆ ತಿರುಗಿ, "ಸಾರ್, ಟೆಸ್ಟ್ ಡ್ರೈವ್ ಮಾಡ್ತೀರಾ?" ಅಂದ. ನಮ್ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ.

ಕೊನೆಗೆ ಸಿಕ್ಕಿದ್ದು ಒಬ್ಬ ನಿವೃತ್ತ ಎಂಜಿನಿಯರ್ ಹತ್ತಿರ. ಅವರೇ ಮೊದಲ ಮಾಲೀಕರು. ಒಂದೊಂದು ಸರ್ವಿಸ್ ಬಿಲ್ಲನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ತಾರೀಖಿನ ಪ್ರಕಾರ ಇಟ್ಟಿದ್ದರು. ಆ ಫೈಲು ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಬೆಳಗ್ಗೆ ಬೇಗ ಬರುತ್ತೇವೆ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ್ದೆ. ಬಾನೆಟ್ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ತಣ್ಣಗಿರುವ ಎಂಜಿನ್ನೇ ನಿಜ ಹೇಳುವುದು. ಬಿಸಿಯಾದ ಮೇಲೆ ಅರ್ಧ ಕಾಯಿಲೆ ಮುಚ್ಚಿಹೋಗುತ್ತದೆ. ಮೇಸ್ತ್ರಿ ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಗೆಯ ಬಣ್ಣ ನೋಡಿದರು. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಟರ್ಬೊ ಸವೆದಿರಬಹುದು ಅಂತ. ಬರಲಿಲ್ಲ. ಆಮೇಲೆ ಸ್ಕ್ಯಾನರ್ ಚುಚ್ಚಿದರು. "ತಗೊಳ್ರಿ ಅಕ್ಕಾರೆ. ಮುಂದಿನ ಬುಷ್ ಹೋಗ್ಯಾವ, ಅಷ್ಟೇ" ಅಂದರು.

ಮೇಸ್ತ್ರಿಯನ್ನು ಇಲ್ಲಿಂದಲೇ ಕರೆದುಕೊಂಡು ಹೋಗಿದ್ದೆವು. ಅವರ ದಿನದ ಕೂಲಿ, ಬಸ್ಸು, ಊಟ ಎಲ್ಲ ನಮ್ಮದೇ. ಲಕ್ಷಗಟ್ಟಲೆ ಕೊಡುವಾಗ ಇದಕ್ಕೆ ಹಿಂದೆಮುಂದೆ ನೋಡುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಕಾಗದದ ಬಗ್ಗೆ ಬ್ಯಾಂಕಿನವಳಾಗಿ ಗಟ್ಟಿಯಾಗಿಯೇ ಹೇಳುತ್ತೇನೆ. ದುಡ್ಡು ಕೊಟ್ಟು ಕೀ ತಗೊಂಡು ಬಂದರೆ ಕಾರು ನಿಮ್ಮದಾಗುವುದಿಲ್ಲ. ಮಾಲೀಕರ ಹೆಸರು ಬದಲಿಸುವ ಫಾರಂ 29, 30 ಇಬ್ಬರ ಸಹಿಯೊಂದಿಗೆ ಆರ್‌ಟಿಒಗೆ ಹೋಗಬೇಕು. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇದ್ದರೆ ಅದನ್ನು ತೆಗೆಸುವ ಫಾರಂ 35 ಬೇಕು, ಸಾಲ ತೀರಿದೆ ಅಂತ ಬಾಯಿಮಾತು ಸಾಲದು. ವಿಮೆಯನ್ನೂ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಮಾರುವವರಿಗೂ ಇದು ಅಷ್ಟೇ ಮುಖ್ಯ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಬರುವವರು ಇದನ್ನೊಮ್ಮೆ ಓದಬೇಕು. ನಮ್ಮ ಕಾರಿನ ನಂಬರ್ ಪ್ಲೇಟು ಬೆಂಗಳೂರಿನ ಕೆಎ 03 ಆಗಿಯೇ ಉಳಿದಿದೆ. ನಮ್ಮೂರಿನ ಕೆಎ 17 ಇಲ್ಲವಲ್ಲ ಅಂತ ಮಗನಿಗೆ ಬೇಜಾರು.

ಇನ್ನು ಮನೆಮಂದಿಗೆ ಆಗುತ್ತದೋ ಇಲ್ಲವೋ. ಆಗುತ್ತದೆ. ಆದರೆ ಯಾವ ಕಾರು ಅನ್ನುವುದರ ಮೇಲೆ. ಎರಡು ಬಾಗಿಲಿನ ಕಾರಿನ ಹಿಂದಿನ ಸೀಟು ಫೋಟೊದಲ್ಲಿ ಮಾತ್ರ ಸೀಟು. ಮಂಡಿನೋವಿನ ಅತ್ತೆಯನ್ನು ಮುಂದಿನ ಸೀಟು ಮಡಚಿ ಒಳಗೆ ತೂರಿಸುವುದು ಆಗದ ಮಾತು. ನಾಲ್ಕು ಬಾಗಿಲು ಇರಲೇಬೇಕು. ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಹೋಂಡಾ ಸಿವಿಕ್, ಫಿಯೆಟ್ ಲೀನಿಯಾ ಟಿ-ಜೆಟ್ ಇವೆಲ್ಲ ನಾಲ್ಕು ಜನ ಆರಾಮಾಗಿ ಕೂರುವ ಕಾರುಗಳೇ. ನಮ್ಮ ಪುಂಟೊದಲ್ಲಿ ಹಿಂದಿನ ಸೀಟು ಸ್ವಲ್ಪ ಇಕ್ಕಟ್ಟು. ಅತ್ತೆ ಮುಂದೆ, ಮಕ್ಕಳಿಬ್ಬರ ನಡುವೆ ನಮ್ಮನೆಯವರು ಹಿಂದೆ. ಅವರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತು, ಯಾವ ದೂರೂ ಇಲ್ಲದೆ ಪೇಪರ್ ಓದುತ್ತಾರೆ.

ಅತ್ತೆಗೆ ತಗ್ಗಿನ ಕಾರು ಕಷ್ಟವಾಗುತ್ತದೆ ಅಂದುಕೊಂಡವರಿಗೆ ಒಂದು ಮಾತು. ಅವರು ಮೊದಲು ಸೀಟಿಗೆ ಬೆನ್ನು ಮಾಡಿ ಕೂರುತ್ತಾರೆ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಒಳಗಿಡುತ್ತಾರೆ. ಮೈದುನನ ಸ್ಕಾರ್ಪಿಯೊ ಹತ್ತಬೇಕಾದರೆ ಅವರಿಗೆ ಸ್ಟೂಲ್ ಬೇಕು. ಹಾಗಾಗಿ ಹರಿಹರೇಶ್ವರನ ಗುಡಿಗೆ ಹೊರಟರೆ "ಸೊಸಿ ಕಾರೇ ಇರ್ಲಿ" ಅನ್ನುತ್ತಾರೆ. ಡಿಕ್ಕಿ 280 ಲೀಟರಿನದು. ಚನ್ನಗಿರಿ ಕಡೆಯ ನನ್ನ ತವರಿನಿಂದ ಬರುವಾಗ ತೆಂಗಿನಕಾಯಿ ಚೀಲ, ಅಕ್ಕಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಡಿಸುತ್ತದೆ. ಸೂಟ್‌ಕೇಸ್ ಆಮೇಲೆ ಮಕ್ಕಳ ಕಾಲ ಕೆಳಗೆ.

ಹೆದ್ದಾರಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಚಿತ್ರದುರ್ಗದ ಕಡೆ ಹೋಗುವಾಗ ಎರಡು ಲಾರಿ ಒಂದನ್ನೊಂದು ಹಿಂದೆ ಹಾಕುತ್ತಾ ಸಾಲುಗಟ್ಟಿದಾಗ, ದಾರಿ ಬಿಟ್ಟ ಒಂದು ಗಳಿಗೆಯಲ್ಲಿ ದಾಟಿ ಮುಗಿಸಬಹುದು. ಅದಕ್ಕಿಂತ ಮುಖ್ಯ ಬ್ರೇಕು. ಅಡ್ಡ ಬಂದ ಬೈಕು, ಎಮ್ಮೆ, ಟ್ರ್ಯಾಕ್ಟರ್ ಏನೇ ಇರಲಿ, ಕಾಲಿಟ್ಟರೆ ನೇರಕ್ಕೆ ನಿಲ್ಲುತ್ತದೆ. ಜನ ಇಂಥ ಕಾರು ಅಂದರೆ ವೇಗ ಅಂತ ಹೆದರುತ್ತಾರೆ. ನನಗೆ ಮಕ್ಕಳನ್ನು ಕೂರಿಸಿಕೊಂಡು ಹೋಗಲು ಧೈರ್ಯ ಬರುವುದು ಅದು ನಿಲ್ಲುವ ರೀತಿಯಿಂದ. ಹದಿನೆಂಟು ತುಂಬಿದ ಮಗನ ಕೈಗೆ ಇದನ್ನು ಕೊಡುತ್ತೇನೆ ಅನ್ನುವವರಿಗೆ ಮಾತ್ರ ಸಾಲದ ಅರ್ಜಿಯನ್ನೂ ಕೊಡಬಾರದು ಅನ್ನಿಸುತ್ತದೆ.

ಕೆಟ್ಟದ್ದೂ ಇದೆ. ಸಸ್ಪೆನ್ಶನ್ ಬಿಗಿ. ಜಗಳೂರು ರಸ್ತೆಯಲ್ಲಿ ಕೆಲವು ಕಡೆ ಬೆನ್ನುಮೂಳೆ ಎಣಿಸಬಹುದು. ಮಗಳಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ, ನಿಂಬೆಹಣ್ಣು ಕೈಯಲ್ಲೇ ಇರುತ್ತದೆ. ಪೆಟ್ರೋಲು ಕೇಳಬೇಡಿ. ಕಂಪನಿ ಹೇಳಿದ್ದು ಲೀಟರಿಗೆ 16.3 ಕಿ.ಮೀ., ಊರೊಳಗೆ ಗಡಿಯಾರ ಕಂಬ, ಅಶೋಕ ರಸ್ತೆ ಅಂತ ಸುತ್ತಿದರೆ ಅದರ ಅರ್ಧದ ಹತ್ತಿರ. ಈಗ ಬರುತ್ತಿರುವ ಇ20 ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಲೀಟರಿಗೆ ಲೀಟರ್ ನೋಡಿದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಮೈಲೇಜ್ ಬೀಳುವುದು ಅದಕ್ಕೇ. ಹತ್ತು ವರ್ಷದ ಹಿಂದಿನ ಕಾರಿನ ಪೈಪು, ಸೀಲುಗಳನ್ನು ಇದಕ್ಕೆಂದೇ ಮಾಡಿದ್ದಲ್ಲ. ಮೇಸ್ತ್ರಿ ಪ್ರತಿ ಸರ್ವಿಸ್‌ನಲ್ಲೂ ಪೆಟ್ರೋಲ್ ಪೈಪನ್ನು ಬಗ್ಗಿಸಿ ಬಿರುಕು ಇದೆಯಾ ಅಂತ ನೋಡುತ್ತಾರೆ. ಬೈಯೋಣವೆಂದರೆ ಎಥೆನಾಲ್ ಮಾಡುವುದು ಮೆಕ್ಕೆಜೋಳದಿಂದಲೂ. ನಮ್ಮ ಜಿಲ್ಲೆಯ ಬೆಳೆಯೇ ಅದು. ಹೊಲದಲ್ಲಿ ಮೆಕ್ಕೆಜೋಳ ಹಾಕಿರುವ ನಮ್ಮಣ್ಣ "ನಿನ್ನ ಕಾರು ಕೆಮ್ಮಿದರೂ ಪರವಾಗಿಲ್ಲ, ನಮಗೆ ರೇಟು ಸಿಗಲಿ" ಅನ್ನುತ್ತಾನೆ. ಅವನ ಮಾತಿಗೆ ನಾನು ಏನೂ ಹೇಳುವಂತಿಲ್ಲ.

ಇಷ್ಟೆಲ್ಲ ನಾವು ಸಂಭಾಳಿಸಬಹುದು, ಕೊಂಡ ಮೇಲೆ ನಮ್ಮದೇ ಹೊಣೆ. ನಮ್ಮ ಕೈಯಲ್ಲಿ ಇಲ್ಲದ್ದು ರಸ್ತೆಯ ಹಂಪ್.

ಇಂಥ ರಸ್ತೆ ಉಬ್ಬು ಹೇಗಿರಬೇಕು ಅಂತ ರಸ್ತೆಗಳ ಅಳತೆ, ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ 1988ರಲ್ಲೇ ಬರೆದಿಟ್ಟಿದೆ. ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಗುಂಡಗೆ ಏರಿ ಗುಂಡಗೆ ಇಳಿಯಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಯಾವ ವಾಹನವಾದರೂ ಸಲೀಸಾಗಿ ದಾಟಬೇಕು ಅನ್ನುವುದು ಅದರ ಉದ್ದೇಶ. ನಮ್ಮ ಬಡಾವಣೆಯಲ್ಲಿ ರಸ್ತೆ ಕೆಲಸ ಮುಗಿದ ಸಂಜೆ ಉಳಿದ ಕಾಂಕ್ರೀಟನ್ನು ಅಡ್ಡಲಾಗಿ ಸುರಿದು ಕರಣೆಯಲ್ಲಿ ಒಂದು ಸಲ ಸವರಿ ಹೋದರು. ಬಿಳಿ ಪಟ್ಟೆಯೂ ಇಲ್ಲ, ಬೋರ್ಡೂ ಇಲ್ಲ. ಮಗಳ ಸ್ಕೇಲು, ಟೈಲರ್ ಟೇಪು ಹಿಡಿದು ಅಳೆದೆವು. ನಡುಮಧ್ಯೆ ಎತ್ತರ 17 ಸೆಂ.ಮೀ., ಅಗಲ ಒಂದು ಮೀಟರೂ ಇಲ್ಲ. ನಮ್ಮ ಕಾರಿಗೂ ನೆಲಕ್ಕೂ ನಡುವೆ ಇರುವುದು 15.5 ಸೆಂ.ಮೀ., ಅದೂ ಯಾರೂ ಕೂರದೆ ಇದ್ದಾಗ. ಲೆಕ್ಕ ಕಣ್ಣೆದುರಿಗೇ ಇದೆ.

ಹಾಗಾಗಿ ನಾವು ಐದೂ ಜನ ಹೊರಟರೆ ಹಂಪ್‌ನ ಮುಂದೆ ಕಾರು ನಿಲ್ಲುತ್ತದೆ. ಮಕ್ಕಳು, ನಮ್ಮನೆಯವರು, ರೇಷ್ಮೆ ಸೀರೆ ಉಟ್ಟ ಅತ್ತೆ ಇಳಿಯುತ್ತಾರೆ. ನಾನು ಸ್ಟೇರಿಂಗ್ ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತೇನೆ. ಹಿಂದಿನ ಆಟೊದವರು ಹಾರನ್ ಬಾರಿಸುತ್ತಾರೆ. ಆಚೆ ಬದಿಯಲ್ಲಿ ಮತ್ತೆ ಹತ್ತಿಸಿಕೊಳ್ಳುತ್ತೇನೆ. ಕಟ್ಟೆಯ ಮೇಲೆ ಕೂತವರಿಗೆ ಒಳ್ಳೆ ಮನರಂಜನೆ. "ಇವರ್ದು ಬಿಡ್ರಿ, ಸ್ಪೋರ್ಟ್ಸ್ ಕಾರು" ಅನ್ನುತ್ತಾರೆ. ಆದರೆ ಇದೇ ಹಂಪ್ ಮೇಲೆ ಬಸುರಿ ಹೆಂಗಸನ್ನು ಕೂರಿಸಿಕೊಂಡ ಆಟೊ ಎಗರುತ್ತದೆ, ರಾತ್ರಿ ಕಾಣದೆ ಬೈಕಿನವರು ಬೀಳುತ್ತಾರೆ, ಆಂಬುಲೆನ್ಸ್ ನಿಂತು ಹತ್ತುತ್ತದೆ. ಶಾಲೆಯ ಮುಂದೆ ಹಂಪ್ ಬೇಕು, ನಾನೇನೂ ಬೇಡ ಅನ್ನುವುದಿಲ್ಲ. ಅಳತೆಯ ಪ್ರಕಾರ ಹಾಕಿ, ಬಿಳಿ ಪಟ್ಟೆ ಬಳಿಯಿರಿ, ಮುಂಚೆಯೇ ಒಂದು ಬೋರ್ಡು ನಿಲ್ಲಿಸಿ ಅಷ್ಟೇ.

ನಿಮ್ಮಲ್ಲಿ ನನ್ನ ಕೋರಿಕೆ ಇದು. ವಾಹನ ಪುಟದಲ್ಲಿ ತಿಂಗಳಿಗೊಂದಾದರೂ ಹಳೇ ಕಾರಿನ ಬಗ್ಗೆ ಬರೆಸಿ. ಅದು ಹೊಸದಾಗಿದ್ದಾಗ ಬೆಲೆ ಎಷ್ಟಿತ್ತು, ಈಗ ಅದರ ಬ್ರೇಕ್ ಪ್ಯಾಡ್, ಕ್ಲಚ್, ಹೆಡ್‌ಲೈಟಿನ ರೇಟು ಎಷ್ಟು, ದಾವಣಗೆರೆ, ಚಿತ್ರದುರ್ಗದಂಥ ಊರಲ್ಲಿ ಸಾಮಾನು ಸಿಗುತ್ತದಾ ಅಂತ. ಬೆಂಗಳೂರಿನಲ್ಲಿ ಸಿಗುತ್ತದೆ ಅಂತ ಬರೆದರೆ ನಮಗೆ ಉಪಯೋಗವಿಲ್ಲ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ವಿಮೆಯ ಭಾಗ ಕತ್ತರಿಸಿ, ನಮ್ಮನೆಯವರ ಮೊಣಕಾಲಿನ ಸುದ್ದಿಯನ್ನೂ ತೆಗೆಯಿರಿ. ಹಂಪ್‌ನ ಅಳತೆ ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ವಿದ್ಯಾನಗರ, ದಾವಣಗೆರೆ